ಬೂದಿಯಿಂದ ಎದ್ದ ರಾಂಪುರ



ನಾವು ಅಮೆರಿಕಕ್ಕೆ ಬಂದದ್ದು ಹೆಚ್ಚಾಗಿ ಎಂಜಿನಿಯರಿಂಗು, ಡಾಕ್ಟರಿಕೆಗಳ ಬೆನ್ನು ಹತ್ತಿ. ಸಮಾಜಶಾಸ್ತ್ರ ಓದಿದವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ನಮ್ಮ ಮಕ್ಕಳಾದರೋ ಕಾಲೇಜಿನಲ್ಲಿ ‘ಸೌತ್ ಏಷ್ಯನ್ ಸ್ಟಡೀಸ್’ ಎಂಬ ಪಾಠಕ್ಕೆ ಸೇರಿ, ಲಾಹೋರ್, ಢಾಕಾ, ಕೊಲಂಬೊ ಮೂಲದ ಮಕ್ಕಳ ಪಕ್ಕದಲ್ಲಿ ಕೂತು ನಮ್ಮ ಹಳ್ಳಿಗಳ ಬಗ್ಗೆ ಓದುತ್ತಾರೆ. ರಜೆಗೆ ಬಂದಾಗ, “ಅಪ್ಪಾ, ಅಜ್ಜಿಯ ಊರಿನಲ್ಲಿ ಕೇರಿ ಎಲ್ಲಿತ್ತು? ಅಲ್ಲಿಗೆ ನೀವು ಹೋಗುತ್ತಿದ್ದಿರಾ?” ಎನ್ನುತ್ತಾರೆ. “ಅದೆಲ್ಲ ಹಳೇ ಕಾಲದ್ದು, ಊಟ ಮಾಡು” ಎಂದು ಜಾರಿಕೊಳ್ಳುವುದು ಸುಲಭ.

ಈ ಪಾಠಕ್ಕೆ ಬೇಕಾದ ಪುಸ್ತಕಗಳು ಇಲ್ಲಿಗೆ ಬಂದ ಬಗೆಯೇ ವಿಚಿತ್ರ. 1954ರ ಪಿ.ಎಲ್. 480 ಕಾನೂನಿನಂತೆ ಅಮೆರಿಕದ ಗೋಧಿ ಭಾರತಕ್ಕೆ ಬಂತಲ್ಲ, ಅದರ ಬೆಲೆಯನ್ನು ನಮ್ಮ ಸರ್ಕಾರ ರೂಪಾಯಿಯಲ್ಲೇ ಕಟ್ಟಿತು. 1962ರಿಂದ ಆ ಹಣದಲ್ಲಿ ಒಂದಿಷ್ಟು ಪುಸ್ತಕ ಖರೀದಿಗೆ ಹೋಯಿತು. ಅಮ್ಮಂದಿರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ತಂದ ಗೋಧಿಯ ದುಡ್ಡು ಚಿಕಾಗೊ, ಬರ್ಕ್ಲಿಗಳ ಗ್ರಂಥಾಲಯ ತುಂಬಿತು!

ಆ ಪಾಠದಲ್ಲಿ ಮತ್ತೆ ಮತ್ತೆ ಬರುವ ಹೆಸರೊಂದು ನಮ್ಮ ಮೈಸೂರಿನದು: ಎಂ. ಎನ್. ಶ್ರೀನಿವಾಸ್. ಆಕ್ಸ್‌ಫರ್ಡಿನಲ್ಲಿ ಕಲಿತ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಬಿಡಾರ ಹೂಡಿದರು. ಪುಸ್ತಕದಲ್ಲಿ ಅದಕ್ಕೆ ಇಟ್ಟ ಹೆಸರು ರಾಂಪುರ. ಸ್ನಾನವಾದ ಮೇಲೆ ಗಡ್ಡ ಹೆರೆದುಕೊಂಡರೆಂದು ಊರವರೇ ಈ ಬ್ರಾಹ್ಮಣ ವಿದ್ವಾಂಸರಿಗೆ ಮಡಿಯ ಪಾಠ ಹೇಳಿದರಂತೆ. ಜನಬಲ, ಭೂಮಿಬಲ ಎರಡೂ ಇದ್ದ ಒಕ್ಕಲಿಗರ ಮಾತು ಅಲ್ಲಿ ನಡೆಯುವುದನ್ನು ಅವರು ಕಂಡರು. ‘ಪ್ರಬಲ ಜಾತಿ’ ಎಂಬ ಅವರ ವಿಚಾರಕ್ಕೆ ಆ ಊರೇ ಆಧಾರ. ಇಂದಿಗೂ ಚುನಾವಣೆಯ ಲೆಕ್ಕಾಚಾರದಲ್ಲಿ ಅದು ಬಾರದೆ ಇರುವುದಿಲ್ಲ.

ಮುಂದಿನ ಕಥೆ ನಡೆದದ್ದು ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ, ನಮ್ಮಲ್ಲಿ ಅನೇಕರು ಕಾರಿನಲ್ಲಿ ಹಾದುಹೋಗುವ ಸ್ಟ್ಯಾನ್‌ಫರ್ಡಿನ ಗುಡ್ಡದ ಮೇಲೆ. 1970ರ ಏಪ್ರಿಲ್ 24ರಂದು ಯಾರೋ ಇಟ್ಟ ಬೆಂಕಿಗೆ ಅವರ ಕೋಣೆ ಸುಟ್ಟಿತು. ವರ್ಷಗಟ್ಟಲೆ ವಿಂಗಡಿಸಿ ಜೋಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಅಲ್ಲೇ ಇದ್ದವು. ಆಗ ಅವರು ನೆನಪನ್ನೇ ನೆಚ್ಚಿ ಬರೆಯಲು ಕುಳಿತರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಹೊರಬಂತು. ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ.

ಆದರೆ ನಮಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ತಾವು ಊರನ್ನು ನೋಡಿದ್ದು ಮೇಲ್ಜಾತಿಯವರ ನಡುವೆ ನಿಂತು, ಹರಿಜನರ, ಮುಸ್ಲಿಮರ ಬದುಕು ಅಷ್ಟಾಗಿ ತಿಳಿಯಲಿಲ್ಲ ಎಂದು ಅವರೇ ಒಪ್ಪುತ್ತಾರೆ. ಅಂಥ ವಿದ್ವಾಂಸರಿಗೇ ಹಾಗಾದರೆ, ಹದಿನೆಂಟು ವರ್ಷಕ್ಕೇ ಊರು ಬಿಟ್ಟು ಹಾಸ್ಟೆಲ್ ಸೇರಿದ ನಮ್ಮ ನೆನಪಿನಲ್ಲಿ ಎಷ್ಟು ಊರು ಉಳಿದೀತು? ಈ ಸಭೆಯಲ್ಲೂ ಎಲ್ಲ ಕೇರಿಗಳಿಂದ ಬಂದವರಿದ್ದೇವೆ. ಮಕ್ಕಳ ಪ್ರಶ್ನೆ ಒಬ್ಬರಿಗೆ ಬರೀ ಮುಜುಗರ. ಇನ್ನೊಬ್ಬರಿಗೆ, ತಾತ ಬಾವಿಯಿಂದ ದೂರ ನಿಂತು ನೀರಿಗಾಗಿ ಕಾದದ್ದರ ನೋವು. ಸಂಘದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡರೂ ಈ ಮಾತು ನಾವು ಆಡಿಲ್ಲ.

ಬೇಸಿಗೆಗೆ ಊರಿನಿಂದ ಅಪ್ಪ ಅಮ್ಮಂದಿರು ಬರುತ್ತಾರೆ. ಮಧ್ಯಾಹ್ನದ ಹೊತ್ತು ಅವರಿಗೆ ಹೊತ್ತು ಹೋಗುವುದಿಲ್ಲ. ಮೊಮ್ಮಕ್ಕಳು ಅವರ ಮುಂದೆ ಕಾಗದ, ಪೆನ್ಸಿಲ್ಲು ಇಟ್ಟು ಊರಿನ ನಕ್ಷೆ ಬರೆಸಲಿ: ದೇವಸ್ಥಾನ ಎಲ್ಲಿ, ಬಾವಿಗಳು ಎಷ್ಟು, ಯಾವುದರಲ್ಲಿ ಯಾರು ಸೇದುತ್ತಿದ್ದರು, ಹೊಲದ ಕೆಲಸಕ್ಕೆ ಯಾರು ಬರುತ್ತಿದ್ದರು, ಅವರಿಗೆ ಊಟ ಎಲ್ಲಿ ಬಡಿಸುತ್ತಿದ್ದರು. ಆ ನಕ್ಷೆಗಳನ್ನು ದೀಪಾವಳಿಯ ಹೊತ್ತಿಗೆ ಸಂಘಕ್ಕೆ ತನ್ನಿ, ಗೋಡೆಗೆ ಅಂಟಿಸಿ ಒಟ್ಟಿಗೆ ನೋಡೋಣ.