ದವಡೆಯಂಚಿನ ನರ: ಮುಖನರದ ಒಂದು ಕವಲಿನ ಅಂಗರಚನೆ

ನಗುವಾಗ ಕೆಳಗಿನ ಹಲ್ಲು ಕಾಣುವಂತೆ ಕೆಳತುಟಿಯನ್ನು ಇಳಿಸುವ ಸ್ನಾಯುಗಳನ್ನು ನಡೆಸುವುದು ಮುಖನರದ ಒಂದು ತೆಳುವಾದ ಕವಲು. ವೈದ್ಯಗ್ರಂಥಗಳಲ್ಲಿ ಅದರ ಹೆಸರು ಮಾರ್ಜಿನಲ್ ಮ್ಯಾಂಡಿಬುಲರ್ ನರ. ಕೆಳದವಡೆಯ ಕೆಳ ಅಂಚನ್ನು ಹಿಡಿದು ಸಾಗುವುದರಿಂದ ಇಲ್ಲಿ ಅದನ್ನು ದವಡೆಯಂಚಿನ ನರ ಎಂದು ಕರೆಯಲಾಗಿದೆ. ಕತ್ತು ಮತ್ತು ದವಡೆಯ ಶಸ್ತ್ರಚಿಕಿತ್ಸೆಗಳಲ್ಲಿ ಪದೇ ಪದೇ ಅಪಾಯಕ್ಕೆ ಸಿಲುಕುವ ನರಗಳಲ್ಲಿ ಇದೂ ಒಂದು.

ಮಿದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ ಮುಖನರ 7ನೆಯದು. ಕಪಾಲದ ಮೂಳೆಯೊಳಗಿನ ಇಕ್ಕಟ್ಟಾದ ಕಾಲುವೆಯಲ್ಲಿ ಹಾದು, ಕಿವಿಯ ಹಿಂಬದಿಯ ಉಬ್ಬುಮೂಳೆಯ ಪಕ್ಕದ ರಂಧ್ರದಿಂದ ಅದು ಹೊರಬರುತ್ತದೆ. ಕೂಡಲೇ ಕಿವಿಯ ಮುಂದಿರುವ ಪರೋಟಿಡ್ ಎಂಬ ಜೊಲ್ಲುಗ್ರಂಥಿಯನ್ನು ಹೊಕ್ಕು, ಅದರೊಳಗೇ ಮೇಲಿನದು, ಕೆಳಗಿನದು ಎಂದು ಎರಡಾಗಿ ಸೀಳುತ್ತದೆ. ಗ್ರಂಥಿಯಿಂದ ಹೊರಬರುವಾಗ ಹಣೆಯ ಪಕ್ಕ, ಕೆನ್ನೆಮೂಳೆ, ಕೆನ್ನೆ, ದವಡೆಯಂಚು, ಕತ್ತು ಎಂಬ ಐದು ದಿಕ್ಕಿಗೆ ಕವಲುಗಳು ಹರಡಿರುತ್ತವೆ. ಈ ಹರಡುವಿಕೆ ಎಲ್ಲರಲ್ಲೂ ಒಂದೇ ಬಗೆಯದಲ್ಲ. 1956ರಲ್ಲಿ ಡೇವಿಸ್ ಮತ್ತು ಸಹೋದ್ಯೋಗಿಗಳು 350 ಅರ್ಧಮುಖಗಳನ್ನು ಶವಚ್ಛೇದನದಲ್ಲಿ ಪರಿಶೀಲಿಸಿ, ಕವಲೊಡೆಯುವ ಕ್ರಮವನ್ನು ಆರು ಮಾದರಿಗಳಲ್ಲಿ ವಿಂಗಡಿಸಿದರು.

ಮುಖದ ಚಲನೆ ಒಂದು ನರದ್ದು, ಸ್ಪರ್ಶಜ್ಞಾನ ಇನ್ನೊಂದರದ್ದು. ಗದ್ದ ಮತ್ತು ಕೆಳತುಟಿಯ ಚರ್ಮಕ್ಕೆ ಸ್ಪರ್ಶ ಕೊಡುವುದು 5ನೆಯ ಕಪಾಲನರ. 19ನೆಯ ಶತಮಾನದ ಆರಂಭದಲ್ಲಿ ಈ ಎರಡರ ಕೆಲಸವನ್ನು ಬೇರ್ಪಡಿಸುವ ಪ್ರಯತ್ನದಲ್ಲಿ ಚಾರ್ಲ್ಸ್ ಬೆಲ್ ಅವರ ಹೆಸರು ದೊಡ್ಡದು. ಮುಖದ ಪಾರ್ಶ್ವವಾಯುವಿನ ಒಂದು ಬಗೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ದವಡೆಯ ಶಸ್ತ್ರಚಿಕಿತ್ಸೆಯ ನಂತರ ರೋಗಿ ತುಟಿ ಜೋಮು ಹಿಡಿದಿದೆ ಎಂದರೆ ಪೆಟ್ಟಾಗಿರುವುದು 5ನೆಯ ನರದ ಕವಲಿಗೆ. ಸ್ಪರ್ಶ ಸರಿಯಿದ್ದು ತುಟಿ ಓರೆಯಾಗುತ್ತಿದ್ದರೆ ದವಡೆಯಂಚಿನ ನರವನ್ನು ಶಂಕಿಸಬೇಕು.

ಪರೋಟಿಡ್ ಗ್ರಂಥಿಯ ಕೆಳತುದಿಯಿಂದ, ದವಡೆಯ ಮೂಲೆಯ ಹತ್ತಿರ, ಈ ನರ ಹೊರಬೀಳುತ್ತದೆ. ಅಲ್ಲಿಂದ ಪ್ಲಾಟಿಸ್ಮಾ ಎಂಬ ಹಾಳೆಯಂಥ ಕತ್ತಿನ ಸ್ನಾಯುವಿನ ಅಡಿಯಲ್ಲಿ ಮುಂದೆ ಸಾಗಿ, ಮುಖದ ಅಪಧಮನಿ ಮತ್ತು ಅಭಿಧಮನಿಗಳನ್ನು ಅವುಗಳ ಮೇಲಿನಿಂದ ದಾಟುತ್ತದೆ. ದಾಟುವ ಜಾಗವನ್ನು ಯಾರು ಬೇಕಾದರೂ ಗುರುತಿಸಿಕೊಳ್ಳಬಹುದು: ಹಲ್ಲು ಕಚ್ಚಿದಾಗ ಗಟ್ಟಿಯಾಗುವ ಮ್ಯಾಸೆಟರ್ ಸ್ನಾಯುವಿನ ಮುಂಭಾಗದಲ್ಲಿ, ದವಡೆಯ ಅಂಚಿಗೆ ಬೆರಳಿಟ್ಟರೆ ಅಪಧಮನಿಯ ಮಿಡಿತ ಸಿಗುತ್ತದೆ. ಅದರಿಂದ ಮುಂದೆ ನರ ಮೇಲಕ್ಕೇರಿ ಕೆಳತುಟಿಯನ್ನು ಇಳಿಸುವ, ಬಾಯಿಯ ಮೂಲೆಯನ್ನು ಕೆಳಗೆಳೆಯುವ ಮತ್ತು ಗದ್ದದ ಚರ್ಮವನ್ನು ಸುಕ್ಕಾಗಿಸುವ ಸ್ನಾಯುಗಳನ್ನು ಸೇರುತ್ತದೆ.

ನರ ದವಡೆಯಂಚಿನಿಂದ ಎಷ್ಟು ಕೆಳಗೆ ಇಳಿಯುತ್ತದೆ ಎಂಬುದು ಶಸ್ತ್ರವೈದ್ಯರನ್ನು ಬಹಳ ಕಾಲ ಕಾಡಿದ ಪ್ರಶ್ನೆ. 1962ರಲ್ಲಿ ಅಮೆರಿಕದ ರೀಡ್ ಡಿಂಗ್‌ಮನ್ ಮತ್ತು ವಿಲಿಯಂ ಗ್ರಾಬ್ 100 ಅರ್ಧಮುಖಗಳನ್ನು ಬಿಡಿಸಿ ನೋಡಿದರು. ಅಪಧಮನಿಗಿಂತ ಹಿಂದಿನ ಭಾಗದಲ್ಲಿ ಶೇ. 81ರಲ್ಲಿ ನರ ದವಡೆಯಂಚಿನ ಮೇಲೆಯೇ ಇತ್ತು. ಉಳಿದ ಶೇ. 19ರಲ್ಲಿ ಅಂಚಿನ ಕೆಳಗೆ ಬಾಗಿದ್ದರೂ 1 ಸೆಂ.ಮೀ. ಮೀರಿರಲಿಲ್ಲ. ಅಪಧಮನಿಯನ್ನು ದಾಟಿದ ಮೇಲೆ ತುಟಿಯ ಸ್ನಾಯುಗಳಿಗೆ ಹೋಗುವ ಎಲ್ಲ ಎಳೆಗಳೂ ಅಂಚಿನ ಮೇಲಿದ್ದವು. ನರ ಒಂದೇ ಎಳೆಯಾಗಿದ್ದದ್ದು ಶೇ. 21ರಲ್ಲಿ ಮಾತ್ರ, ಹೆಚ್ಚಿನವರಲ್ಲಿ ಎರಡು. ಒಂದು ಎಳೆ ಕಂಡಿತೆಂದು ನಿಶ್ಚಿಂತೆಯಿಂದ ಕತ್ತರಿ ಆಡಿಸುವಂತಿಲ್ಲ ಎಂಬುದು ಆ ಅಧ್ಯಯನದ ಬೆಲೆಬಾಳುವ ಪಾಠ.

ಜಿಯಾರಾ ಮತ್ತು ಅಟ್ಕಿನ್ಸನ್ 1981ರಲ್ಲಿ ಬ್ರಿಟನ್‌ನ ಪತ್ರಿಕೆಯಲ್ಲಿ ಪ್ರಕಟಿಸಿದ 76 ಅರ್ಧಮುಖಗಳ ಅಧ್ಯಯನದ ಚಿತ್ರ ಬೇರೆ. ರಕ್ತನಾಳಗಳನ್ನು ತಲುಪುವ ಮುನ್ನ ಶೇ. 53ರಲ್ಲಿ ನರ ಅಂಚಿಗಿಂತ ಕೆಳಗಿತ್ತು. ಶೇ. 6ರಲ್ಲಿ ನಾಳಗಳನ್ನು ದಾಟಿದ ಮೇಲೂ ಸ್ವಲ್ಪ ದೂರ ಕೆಳಗೇ ಸಾಗಿತ್ತು. ಅಂಚಿನಿಂದ ಅತಿ ಹೆಚ್ಚಿನ ಅಂತರ 1.2 ಸೆಂ.ಮೀ. ಬೇಕರ್ ಮತ್ತು ಕಾನ್ಲಿ 1979ರಲ್ಲಿ ಬರೆದದ್ದು ಶವಗಳನ್ನಲ್ಲ, ಶಸ್ತ್ರಚಿಕಿತ್ಸೆಯ ವೇಳೆ ಜೀವಂತ ರೋಗಿಗಳಲ್ಲಿ ಕಂಡದ್ದನ್ನು ಆಧರಿಸಿ: ನರ ಸಾಮಾನ್ಯವಾಗಿ ಅಂಚಿನಿಂದ 1–2 ಸೆಂ.ಮೀ. ಕೆಳಗೆ, ಅಂಗಾಂಶ ಸಡಿಲಗೊಂಡವರಲ್ಲಿ 3–4 ಸೆಂ.ಮೀ.ವರೆಗೂ ಇಳಿದಿತ್ತು. ಸಂರಕ್ಷಕ ದ್ರಾವಣದಲ್ಲಿ ಬಿಗಿದುಕೊಂಡ ಶವದ ಅಂಗಾಂಶಕ್ಕೂ, ಕತ್ತನ್ನು ಹಿಂದಕ್ಕೆ ಚಾಚಿ ಒಂದು ಬದಿಗೆ ಹೊರಳಿಸಿ ಮಲಗಿಸಿದ ರೋಗಿಯ ಅಂಗಾಂಶಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ನೆನೆಯಬೇಕು. ದವಡೆಯಂಚಿನಿಂದ 1.5–2 ಸೆಂ.ಮೀ. ಕೆಳಗೆ ಚರ್ಮ ಕತ್ತರಿಸಬೇಕೆಂಬ ಪಠ್ಯಪುಸ್ತಕದ ನಿಯಮ ಒಳ್ಳೆಯದೇ. ಆದರೆ ಅದೊಂದನ್ನೇ ನಂಬಿದರೆ ವಯಸ್ಸಾದ ರೋಗಿಯಲ್ಲಿ ಅದು ಕೈಕೊಡಬಹುದು.

ಅಳತೆಗಿಂತ ಪದರವೇ ಹೆಚ್ಚು ನಂಬಿಕೆಗೆ ಅರ್ಹ. ಚರ್ಮ, ಕೊಬ್ಬು, ಪ್ಲಾಟಿಸ್ಮಾ, ಅದರಡಿಯ ಪೊರೆ, ಬಳಿಕ ದವಡೆಯಡಿಯ ಜೊಲ್ಲುಗ್ರಂಥಿ; ನರವಿರುವುದು ಪ್ಲಾಟಿಸ್ಮಾದ ಒಳಬದಿಗೆ, ಗ್ರಂಥಿ ಮತ್ತು ರಕ್ತನಾಳಗಳ ಹೊರಬದಿಗೆ. ಈ ನೆಲೆಯನ್ನು ಆಧರಿಸಿದ ಉಪಾಯಕ್ಕೆ ಶಸ್ತ್ರವೈದ್ಯ ಹೇಯ್ಸ್ ಮಾರ್ಟಿನ್ ಅವರ ಹೆಸರಿದೆ. ಮುಖದ ಅಭಿಧಮನಿಯನ್ನು ಕೆಳಮಟ್ಟದಲ್ಲಿ ಕಟ್ಟಿ ಕತ್ತರಿಸಿ, ಅದರ ಮೇಲಿನ ತುದಿಯನ್ನು ಮೇಲಕ್ಕೆ ಮಡಿಚಿದರೆ, ಅದರ ಮೇಲೆ ಮಲಗಿರುವ ನರವೂ ಜೊತೆಗೆ ಮೇಲೆ ಸರಿದು ರಕ್ಷಣೆ ಪಡೆಯುತ್ತದೆ.

ಈ ಉಪಾಯಕ್ಕೂ ಮಿತಿಯಿದೆ. ಬಾಯಿಯ ಕ್ಯಾನ್ಸರ್ ದವಡೆಯಡಿಯ ದುಗ್ಧಗ್ರಂಥಿಗಳಿಗೆ ಹಬ್ಬುತ್ತದೆ. ಅವುಗಳಲ್ಲಿ ಕೆಲವು ಇದೇ ರಕ್ತನಾಳಗಳಿಗೆ ಅಂಟಿಕೊಂಡಿರುತ್ತವೆ. ನಾಳವನ್ನು ಮಡಿಚಿ ಮೇಲೆತ್ತಿದರೆ ರೋಗ ತಗುಲಿದ ಗ್ರಂಥಿಯೂ ಅದರ ಜೊತೆ ಉಳಿದುಬಿಡಬಹುದು. ಆದ್ದರಿಂದ ಇಂಥಲ್ಲಿ ನರವನ್ನು ಕಣ್ಣಾರೆ ಹುಡುಕಿ, ಬಿಡಿಸಿ, ಮೇಲೆ ಸರಿಸಿ, ಆಮೇಲೆ ಗ್ರಂಥಿಗಳನ್ನು ತೆಗೆಯುವುದು ಸರಿಯಾದ ದಾರಿ. ಅಡಿಕೆ, ಎಲೆ, ಹೊಗೆಸೊಪ್ಪು ಜಗಿಯುವ ಅಭ್ಯಾಸ ಉಳಿದಿರುವ ಕರ್ನಾಟಕದಲ್ಲಿ ಇಂಥ ಶಸ್ತ್ರಚಿಕಿತ್ಸೆ ಅಪರೂಪದ್ದಲ್ಲ. ನರವನ್ನು ಗುರುತಿಸಲು ವಿದ್ಯುತ್ ಪ್ರಚೋದಕ ಬಳಸುವುದಾದರೆ ಆ ಹೊತ್ತಿಗೆ ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಇರಬಾರದು ಎಂದು ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ನರಕ್ಕೆ ಪೆಟ್ಟಾದಾಗ ವಿಶ್ರಾಂತಿಯಲ್ಲಿರುವ ಮುಖ ಬಹುಪಾಲು ಸರಿಯಾಗಿಯೇ ಕಾಣುತ್ತದೆ. ನಕ್ಕಾಗ ಅಥವಾ ಅತ್ತಾಗ ಆ ಬದಿಯ ಕೆಳತುಟಿ ಇಳಿಯದೆ ನಿಲ್ಲುತ್ತದೆ. ಇದನ್ನೇ ಹೋಲುವ ಇನ್ನೊಂದು ಸ್ಥಿತಿಯಿದೆ. ಕತ್ತಿನ ಕವಲಿಗೆ ಪೆಟ್ಟಾಗಿ ಪ್ಲಾಟಿಸ್ಮಾ ದುರ್ಬಲವಾದರೂ ನಗು ಓರೆಯಾಗುತ್ತದೆ. ಆಗ ಗದ್ದದ ಸ್ನಾಯು ಚೆನ್ನಾಗಿರುವುದರಿಂದ ರೋಗಿ ಕೆಳತುಟಿಯನ್ನು ಹೊರಚಾಚಿ ಮಡಿಚಬಲ್ಲ; ದವಡೆಯಂಚಿನ ನರವೇ ಹೋಗಿದ್ದರೆ ಅದು ಕಷ್ಟ. ನವಜಾತ ಶಿಶು ಅತ್ತಾಗ ಬಾಯಿ ಒಂದು ಕಡೆಗೆ ಮಾತ್ರ ಇಳಿದರೆ, ಬಾಯಿಮೂಲೆಯ ಸ್ನಾಯು ಹುಟ್ಟಿನಿಂದಲೇ ಬೆಳೆದಿಲ್ಲದಿರುವ ಸಾಧ್ಯತೆಯನ್ನೂ ನೋಡಬೇಕು.

ಕೆನ್ನೆಯ ಕವಲುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದು ಎಳೆ ಕಡಿದರೂ ನೆರೆಯದು ಕೆಲಸ ನಿಭಾಯಿಸುತ್ತದೆ. ದವಡೆಯಂಚಿನ ನರಕ್ಕೆ ಅಂಥ ಆಸರೆ ತೀರ ಕಡಿಮೆ. ಎಳೆತದಿಂದ ಬಂದ ದೌರ್ಬಲ್ಯ ಸಾಮಾನ್ಯವಾಗಿ ವಾರಗಳಲ್ಲಿ ಇಲ್ಲವೇ ತಿಂಗಳುಗಳಲ್ಲಿ ಮಾಯುತ್ತದೆ. ಪೂರ್ತಿ ತುಂಡಾದ ನರ ತಾನಾಗಿ ಸರಿಹೋಗುವ ಭರವಸೆಯಿಲ್ಲ. ತುಂಡಾದದ್ದು ಗೊತ್ತಾದರೆ ಅದೇ ಶಸ್ತ್ರಚಿಕಿತ್ಸೆಯಲ್ಲಿ, ಸೂಕ್ಷ್ಮದರ್ಶಕದಡಿ ತುದಿಗಳನ್ನು ಸೇರಿಸಿ ಹೊಲಿಯುವುದು ಉತ್ತಮ. ದವಡೆಯಡಿಯ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪಡೆಯುವಾಗ ಈ ಅಪಾಯವನ್ನು ರೋಗಿಗೆ ಅವರದೇ ಮಾತಿನಲ್ಲಿ ವಿವರಿಸಬೇಕು, ಮತ್ತು ಕೆಳತುಟಿಯ ಚಲನೆಯನ್ನು ಮೊದಲೇ ಪರೀಕ್ಷಿಸಿ ದಾಖಲಿಸಿಡಬೇಕು.