ಒಂದು ಪುಟ್ಟ ಸನದು ಶಾಲೆಯ ಲೆಕ್ಕ



ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಚಾರ್ಟರ್ ಶಾಲೆಯೆಂಬ ಒಂದು ಬಗೆಯ ಪಾಠಶಾಲೆಯುಂಟು. ಚಾರ್ಟರ್ ಎಂದರೆ ಸನದು. ಖರ್ಚು ಸರ್ಕಾರದ್ದು, ಮಕ್ಕಳಿಂದ ಫೀಜು ಪಡೆಯುವಂತಿಲ್ಲ. ಉಪಾಧ್ಯಾಯರೋ, ತಂದೆತಾಯಿಗಳೋ, ಒಂದು ಸಂಘವೋ ಮುಂದೆ ಬಂದು, ನಮಗೆ ಇಷ್ಟು ಸ್ವಾತಂತ್ರ್ಯ ಕೊಟ್ಟರೆ ಇಷ್ಟು ವರ್ಷದಲ್ಲಿ ಇಂಥ ಫಲವನ್ನು ತೋರಿಸುವೆವೆಂದು ಒಪ್ಪಂದ ಬರೆದುಕೊಟ್ಟು ಇಂಥ ಶಾಲೆಯನ್ನು ನಡೆಸುತ್ತಾರೆ. ಇದಕ್ಕೆ ಮೊದಲು ಕಾನೂನು ಮಾಡಿದುದು ಮಿನ್ನೆಸೋಟಾ ಸಂಸ್ಥಾನ, 1991ರಲ್ಲಿ. ಮರುವರ್ಷವೇ ಸೇಂಟ್ ಪಾಲ್ ನಗರದಲ್ಲಿ ಮೊದಲನೆಯ ಶಾಲೆ ತೆರೆಯಿತು. ಸನದಿಗೆ ಅವಧಿಯುಂಟು, ಅನೇಕ ಕಡೆ ಐದು ವರ್ಷ. ಅವಧಿ ತೀರಿದಾಗ ಫಲ ಕಾಣದಿದ್ದರೆ ಸನದು ಕೊಟ್ಟವರು ಅದನ್ನು ನವೀಕರಿಸದೆ ಶಾಲೆಯನ್ನು ಮುಚ್ಚಿಸಬಹುದು. ಹೀಗಿರುವಲ್ಲಿ, ಫಲವೆಂದರೇನು, ಅದನ್ನು ಅಳೆಯುವ ಬಗೆ ಯಾವುದು ಎಂಬ ಪ್ರಶ್ನೆಗೆ ಬಿರುಸು ಬರುವುದು ಸಹಜ.

ಅಳೆಯುವ ಕೋಲನ್ನು ಬಹುಮಟ್ಟಿಗೆ ಕೇಂದ್ರ ಸರ್ಕಾರವೇ ಒದಗಿಸಿದೆ. 2002ರಲ್ಲಿ ಅಧ್ಯಕ್ಷರ ರುಜುವಾದ ಶಾಸನವೊಂದು, ಮೂರನೆಯ ತರಗತಿಯಿಂದ ಎಂಟನೆಯದರವರೆಗೆ ಪ್ರತಿವರ್ಷವೂ ಓದು ಮತ್ತು ಗಣಿತಗಳಲ್ಲಿ ಪರೀಕ್ಷೆ ನಡೆಸಬೇಕೆಂದು ವಿಧಿಸಿತು. ಫಲಿತಾಂಶವನ್ನು ಬಡವರು, ಅಂಗವಿಕಲರು, ಇಂಗ್ಲಿಷು ಮನೆಮಾತಲ್ಲದವರು, ಬೇರೆಬೇರೆ ಜನಾಂಗದವರು ಎಂದು ವಿಂಗಡಿಸಿ ಪ್ರಕಟಿಸಬೇಕೆಂದೂ ಹೇಳಿತು. 2015ರಲ್ಲಿ ಹೊಸ ಶಾಸನ ಬಂದರೂ ಈ ಎರಡು ವಿಧಿಗಳು ಉಳಿದುಕೊಂಡವು. ಉದ್ದೇಶ ಸಾಧುವಾದುದು. ಸರಾಸರಿಯೆಂಬ ಕಂಬಳಿಯ ಕೆಳಗೆ ದುರ್ಬಲರ ಸೋಲು ಮರೆಯಾಗಬಾರದೆಂಬುದೇ ಅದು.

ಈಗ ನೂರಿಪ್ಪತ್ತು ಮಕ್ಕಳ ಒಂದು ಪ್ರಾಥಮಿಕ ಶಾಲೆಯನ್ನು ಊಹಿಸಿಕೊಳ್ಳೋಣ. ಮೂರನೆಯ ತರಗತಿಯಲ್ಲಿ ಇಪ್ಪತ್ತು ಮಕ್ಕಳು. ಅಲ್ಲಿ ಒಂದೊಂದು ಮಗುವೂ ಶೇಕಡಾ ಐದು! ಈ ವರ್ಷ ಹನ್ನೆರಡು ಮಕ್ಕಳು ಗಣಿತದಲ್ಲಿ ತೇರ್ಗಡೆಯಾದರೆ ಶೇಕಡಾ 60. ಮುಂದಿನ ವರ್ಷ ಒಂಬತ್ತು ಮಕ್ಕಳಾದರೆ 45. ಪತ್ರಿಕೆಯಲ್ಲಿ 'ಹದಿನೈದು ಅಂಶಗಳ ಕುಸಿತ' ಎಂಬ ಶಿರೋನಾಮೆ. ನಡೆದುದೇನು? ಚುರುಕಾದ ಹುಡುಗಿಯೊಬ್ಬಳ ತಂದೆಗೆ ಬೇರೆ ಊರಿಗೆ ವರ್ಗವಾಯಿತು. ಒಬ್ಬನಿಗೆ ಪರೀಕ್ಷೆಯ ದಿನ ಜ್ವರ. ಸ್ಪ್ಯಾನಿಷ್ ಮನೆಮಾತಿನ ಒಬ್ಬ ಬಾಲಕ ಜನವರಿಯಲ್ಲಿ ಬಂದು ಸೇರಿದ. ಉಪಾಧ್ಯಾಯಿನಿಯೂ ಅವಳೇ, ಪಾಠವೂ ಅದೇ. ಅನ್ನ ಬೆಂದಿದೆಯೇ ಎಂಬುದನ್ನು ಒಂದಗುಳು ಹಿಸುಕಿ ತಿಳಿಯುತ್ತೇವೆ, ನಿಜ. ಆದರೆ ಅಗುಳುಗಳೆಲ್ಲ ಒಂದೇ ಗದ್ದೆಯವು, ಒಂದೇ ಒಲೆಯ ಮೇಲಿನವು.

ಹೊವರ್ಡ್ ವೈನರ್ ಎಂಬ ಸಂಖ್ಯಾಶಾಸ್ತ್ರಜ್ಞರು 2007ರ ಒಂದು ಲೇಖನದಲ್ಲಿ ಈ ವಿಷಯವನ್ನು ಚೆನ್ನಾಗಿ ತೋರಿಸಿದ್ದಾರೆ. ಪೆನ್ಸಿಲ್ವೇನಿಯಾ ಸಂಸ್ಥಾನದ ಶಾಲೆಗಳನ್ನು ಅಂಕಗಳ ಕ್ರಮದಲ್ಲಿ ನಿಲ್ಲಿಸಿದರೆ, ಮೊದಲ ಸಾಲಿನಲ್ಲಿ ಸಣ್ಣ ಶಾಲೆಗಳು ತಮ್ಮ ಪಾಲಿಗಿಂತ ಹೆಚ್ಚಾಗಿಯೇ ಕಾಣುತ್ತವೆ. ಕಡೆಯ ಸಾಲಿನಲ್ಲಿಯೂ ಹಾಗೆಯೇ. ಮೊದಲ ಸಾಲನ್ನಷ್ಟೇ ನೋಡಿದವರು ಸಣ್ಣತನವೇ ಗುಣವೆಂದು ಭ್ರಮಿಸಿದರು. ಆ ನಂಬಿಕೆಯ ಮೇಲೆ ದೊಡ್ಡ ಧರ್ಮನಿಧಿಗಳ ಹಣವೂ ಅಪಾರವಾಗಿ ಹರಿಯಿತು. ಎರಡು ಕಡೆಯೂ ಕೆಲಸ ಮಾಡಿದುದು ಬಹುಮಟ್ಟಿಗೆ ಯದೃಚ್ಛೆಯೇ.

ಇನ್ನು, ಯಾರ ಮಕ್ಕಳೆಂಬ ಪ್ರಶ್ನೆ. ಮಗುವಿನ ಅಂಕಗಳೊಡನೆ ಶಾಲೆಯ ಸಲಕರಣೆಗಿಂತ ಮನೆಯ ಸ್ಥಿತಿಗತಿಗೇ ಬಲವಾದ ಸಂಬಂಧವೆಂದು ಜೇಮ್ಸ್ ಕೋಲ್‌ಮನ್ನರ ವರದಿ 1966ರಲ್ಲಿಯೇ ಸಾರಿತು. ಆದುದರಿಂದ ಅಂಕದ ಪಕ್ಕದಲ್ಲಿ ಬಡತನದ ಅಂಕಿಯೂ ಇರಬೇಕು. ಅದನ್ನು ಅಳೆಯುವ ಬಗೆ ಮಾತ್ರ ಸ್ವಲ್ಪ ವಿಚಿತ್ರ: ಮಧ್ಯಾಹ್ನದ ಊಟ! ಬಡತನದ ರೇಖೆಯ ಶೇಕಡಾ 130ರೊಳಗೆ ವರಮಾನವಿದ್ದರೆ ಊಟ ಉಚಿತ; 185ರೊಳಗಿದ್ದರೆ ರಿಯಾಯಿತಿ ದರ. ಇವರನ್ನು ಎಣಿಸಿದರೆ ಶಾಲೆಯ ಬಡವರ ಲೆಕ್ಕ ಸಿಕ್ಕಿತೆಂದು ಬಹುಕಾಲ ನಡೆದುಬಂತು. 2010ರ ಶಾಸನವೊಂದು ಬಡ ಬಡಾವಣೆಗಳ ಶಾಲೆಗಳಲ್ಲಿ ಎಲ್ಲರಿಗೂ ಅರ್ಜಿಯಿಲ್ಲದೆ ಊಟ ಹಾಕಲು ಅನುಮತಿಯಿತ್ತಿತು. ಹಸಿದ ಮಗುವಿಗೆ ಒಳ್ಳೆಯದೇ ಆಯಿತು, ಲೆಕ್ಕಿಗನ ಅಳತೆಗೋಲು ಮುರಿಯಿತು. ಇದರಲ್ಲಿ ನನಗೇನೂ ದುಃಖವಿಲ್ಲ.

ಇಂಗ್ಲಿಷು ಕಲಿಯುವವರ ವರ್ಗದ ಕಥೆ ಇನ್ನೂ ಸೋಜಿಗ. ಆ ವರ್ಗದ ಮಗು ಭಾಷೆಯನ್ನು ಚೆನ್ನಾಗಿ ಕಲಿತೊಡನೆ ಅದನ್ನು ಆ ವರ್ಗದಿಂದ ತೆಗೆದುಹಾಕುತ್ತಾರೆ; ಹೊಸಬರು ಬಂದು ಸೇರುತ್ತಾರೆ. ಗೆದ್ದವರು ಹೊರಟು ಹೋಗುವ ಪಂಕ್ತಿಯಲ್ಲಿ ಯಾವಾಗಲೂ ಸೋತವರೇ ಕಾಣುವುದರಲ್ಲಿ ಆಶ್ಚರ್ಯವೇನು? ಕಲಿತು ಹೊರಬಂದವರನ್ನು ಕೆಲವು ವರ್ಷ ಅದೇ ವರ್ಗದಲ್ಲಿ ಎಣಿಸಬಹುದೆಂದು 2015ರ ಶಾಸನ ಅವಕಾಶವಿತ್ತುದು ಇದಕ್ಕಾಗಿಯೇ.

ಹಾಗಾದರೆ ಸನದು ಶಾಲೆಗಳು ಮೇಲೋ, ಸಾಮಾನ್ಯ ಶಾಲೆಗಳು ಮೇಲೋ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಒಂದು ಸಂಶೋಧನಾ ಕೇಂದ್ರವು 2009ರಲ್ಲಿ ಅವುಗಳ ಗಣಿತವನ್ನು ತೂಗಿ, ಶೇಕಡಾ 17 ಶಾಲೆಗಳು ಮೇಲು, 37 ಕೀಳು, ಉಳಿದವು ಸಮಾನವೆಂದಿತು. ಅದೇ ಕೇಂದ್ರದ 2023ರ ವರದಿಯಲ್ಲಿ ಸನದು ಶಾಲೆಗಳ ಮಕ್ಕಳು ಸರಾಸರಿಯಲ್ಲಿ ಸ್ವಲ್ಪ ಮುಂದಿದ್ದಾರೆ. ಇದು ಲಕ್ಷಾಂತರ ಮಕ್ಕಳ ಲೆಕ್ಕ. ನಮ್ಮ ನೂರಿಪ್ಪತ್ತು ಮಕ್ಕಳ ಶಾಲೆಯ ವಿಷಯದಲ್ಲಿ ಅದು ಏನನ್ನೂ ಹೇಳಲಾರದು.

ಅಂಥ ಶಾಲೆಗೆ ನ್ಯಾಯ ಮಾಡುವ ಉಪಾಯಗಳು ಇಲ್ಲದಿಲ್ಲ. ಮೂರು ವರ್ಷಗಳ ಫಲಿತಾಂಶವನ್ನು ಒಟ್ಟುಗೂಡಿಸಬಹುದು. ಈ ವರ್ಷದ ಮಕ್ಕಳನ್ನು ಹೋದ ವರ್ಷದ ಬೇರೆ ಮಕ್ಕಳೊಡನೆ ಹೋಲಿಸುವ ಬದಲು, ಒಂದೇ ಮಗು ಹೋದ ವರ್ಷದಿಂದ ಎಷ್ಟು ಮುಂದೆ ನಡೆಯಿತೆಂದು ನೋಡಬಹುದು. ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಒಂದು ವರ್ಗದಲ್ಲಿ ಮಕ್ಕಳ ಸಂಖ್ಯೆ ತೀರ ಕಡಮೆಯಾದರೆ, ಮಗುವಿನ ಗುಟ್ಟು ಬಯಲಾಗಬಾರದೆಂದು ಸಂಸ್ಥಾನಗಳು ಅಂಕಿಯನ್ನು ಮರೆಮಾಡಿ, ಸಾಮಾನ್ಯವಾಗಿ ನಕ್ಷತ್ರದ ಗುರುತನ್ನು ಹಾಕುತ್ತವೆ. ಪುಟ್ಟ ಶಾಲೆಯ ಕೋಷ್ಟಕದಲ್ಲಿ, ಯಾವ ಮಕ್ಕಳಿಗಾಗಿ ಈ ವಿಂಗಡಣೆ ಹುಟ್ಟಿತೋ ಅವರ ಎದುರಿಗೇ ಈ ನಕ್ಷತ್ರಗಳು ಹೊಳೆಯುತ್ತಿರುತ್ತವೆ. ಸನದಿನ ಅವಧಿ ತೀರಿದಾಗ ತೀರ್ಮಾನಿಸುವ ಮಂಡಲಿಯವರು ಶಾಲೆಗೇ ಬಂದು ತರಗತಿಗಳಲ್ಲಿ ಕುಳಿತು ನೋಡುವುದೂ ಉಂಟು. ನೂರಿಪ್ಪತ್ತು ಮಕ್ಕಳ ಬರವಣಿಗೆಯ ಪುಸ್ತಕಗಳನ್ನು ತಿರುವಿಹಾಕುವುದಕ್ಕೆ ಒಂದು ಹಗಲು ಸಾಕು.