ನಮ್ಮ ಮನೆಯ ಬಾಂಬ್ ದಾಳಿ

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಲಸೆ ಬಂದ ಕುಟುಂಬಗಳ ನೆನಪುಗಳನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಮೊದಲು ಹಿಂಜರಿದೆ. ನಾನು ಇತಿಹಾಸಕಾರನಲ್ಲ, ಕೇಂದ್ರ ಸರಕಾರದ ಕಡತಗಳ ನಡುವೆ ಮೂರು ದಶಕ ಕಳೆದವನು. ಆದರೆ ನಮ್ಮ ಮನೆಯಲ್ಲಿ ಐವತ್ತು ವರ್ಷ ಬಾಳಿದ ಒಂದು ಸುಳ್ಳು ನೆನಪಿದೆ. ಅದು ಹೇಗೆ ಹುಟ್ಟಿತು, ಏಕೆ ಬಾಳಿತು ಎಂಬುದನ್ನು ನಿಮ್ಮ ಮುಂದಿಡುವುದಷ್ಟೇ ನನ್ನ ಉದ್ದೇಶ.

ನಮ್ಮ ದೊಡ್ಡಪ್ಪ ಕುಂದಾಪುರದ ಕಡೆಯವರು. ಹದಿಮೂರನೆಯ ವಯಸ್ಸಿಗೆ ಮುಂಬಯಿಗೆ ಬಂದು, ಮಾಂಡವಿ ಭಾಗದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಸೇರಿದವರು. ಅವರು ಹೇಳುತ್ತಿದ್ದ ಕತೆ ನಮಗೆಲ್ಲ ಬಾಯಿಪಾಠವಾಗಿತ್ತು: ಯುದ್ಧ ನಡೆಯುತ್ತಿತ್ತು; ಜಪಾನಿನವರು ಮುಂಬಯಿಯ ಮೇಲೆ ಬಾಂಬು ಹಾಕಿದರು; ಆಕಾಶ ಕಪ್ಪಾಯಿತು; ಜೊತೆಯ ಹುಡುಗನೊಬ್ಬ ಸತ್ತ; ತಾವು ದಾದರಿನವರೆಗೆ ಓಡಿ, ಸಿಕ್ಕ ರೈಲು ಹತ್ತಿ ಪುಣೆಗೆ ಬಂದರು. ಇಲ್ಲಿಂದ ಹುಬ್ಬಳ್ಳಿಯ ಗಾಡಿ ಹಿಡಿದು ಊರಿಗೆ ಹೋಗುವ ಯೋಚನೆ. ಕೈಯಲ್ಲಿ ಹಣವಿರಲಿಲ್ಲ. ಪುಣೆಯ ಕ್ಯಾಂಪಿನಲ್ಲಿ ಊರಿನವರ ಹೋಟೆಲೊಂದಿತ್ತು, ಅಲ್ಲಿಯೇ ನಿಂತರು. ನಮ್ಮ ಮನೆತನ ಪುಣೆಯದಾದದ್ದು ಹೀಗೆ.

1994ರಲ್ಲಿ ನಾನು ಆಗತಾನೆ ನೌಕರಿಗೆ ಸೇರಿದ್ದೆ. ಗ್ರಂಥಾಲಯದಲ್ಲಿ ಯಾವುದನ್ನೋ ಹುಡುಕುತ್ತಿದ್ದಾಗ ಈ ಘಟನೆಯ ವಿವರ ಕಣ್ಣಿಗೆ ಬಿತ್ತು. ಮುಂಬಯಿಯ ಮೇಲೆ ಜಪಾನಿನ ಬಾಂಬು ಬಿದ್ದೇ ಇರಲಿಲ್ಲ. ನಡೆದದ್ದು ಬೇರೆ.

'ಫೋರ್ಟ್ ಸ್ಟಿಕೀನ್' ಎಂಬ ಸರಕು ಹಡಗು 1944ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್ ಬಂದರಿನಿಂದ ಹೊರಟು, ಕರಾಚಿಯಲ್ಲಿ ತಂಗಿ, ಏಪ್ರಿಲ್ 12ರಂದು ಮುಂಬಯಿಗೆ ಬಂತು. ಅದರ ಒಡಲಲ್ಲಿ ಸುಮಾರು 1,400 ಟನ್ ಸ್ಫೋಟಕಗಳಿದ್ದವು, ಚಿನ್ನದ ಗಟ್ಟಿಗಳಿದ್ದವು, ಕರಾಚಿಯಲ್ಲಿ ತುಂಬಿದ ಹತ್ತಿಯ ಬೇಲುಗಳೂ ಎಣ್ಣೆಯ ಪೀಪಾಯಿಗಳೂ ಇದ್ದವು. ಹತ್ತಿಯನ್ನೂ ಮದ್ದುಗುಂಡನ್ನೂ ಒಂದೇ ಹಡಗಿನಲ್ಲಿ ಹತ್ತಿರ ಹತ್ತಿರ ಇಡಬಾರದೆಂಬುದು ಶಾಲೆಯ ಮಗುವಿಗೂ ತಿಳಿಯುವ ಮಾತು. ಎರಡು ದಿನವಾದರೂ ಸ್ಫೋಟಕಗಳು ಪೂರ್ತಿಯಾಗಿ ಇಳಿಯಲಿಲ್ಲ. ಏಪ್ರಿಲ್ 14ರಂದು, ವಿಕ್ಟೋರಿಯಾ ಡಾಕಿನಲ್ಲಿ, ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಎರಡನೆಯ ಉಗ್ರಾಣದಿಂದ ಹೊಗೆ ಬರುವುದು ಕಂಡಿತು.

ಆಮೇಲಿನ ಎರಡು ಗಂಟೆಗಳ ವೃತ್ತಾಂತವನ್ನು ಸರಕಾರಿ ನೌಕರನಾದ ನಾನು ಇಂದಿಗೂ ಮನಸ್ಸು ಕಲಕದೆ ಓದಲಾರೆ. ಹಡಗನ್ನು ಮುಳುಗಿಸಬೇಕೆ, ಹೊರಸಮುದ್ರಕ್ಕೆ ಎಳೆಸಬೇಕೆ ಎಂಬ ಚರ್ಚೆ ನಡೆಯಿತು. ತಜ್ಞರಿದ್ದರು, ಅಧಿಕಾರಿಗಳಿದ್ದರು; ಅಂತಿಮ ಆದೇಶ ಕೊಡುವವರು ಮಾತ್ರ ಇರಲಿಲ್ಲ. ಅಗ್ನಿಶಾಮಕರು ನೀರು ಹಾಯಿಸುತ್ತಲೇ ಇದ್ದರು. 4 ಗಂಟೆ 6 ನಿಮಿಷಕ್ಕೆ ಹಡಗು ಸ್ಫೋಟಿಸಿತು. ಸುಮಾರು ಅರ್ಧ ಗಂಟೆಯ ನಂತರ ಎರಡನೆಯ, ಇನ್ನೂ ಭೀಕರವಾದ ಸ್ಫೋಟ. ಬಹು ದೂರದ ಸಿಮ್ಲಾದ ಭೂಕಂಪಮಾಪಕ ಅದನ್ನು ದಾಖಲಿಸಿತು. ಉರಿಯುವ ಹತ್ತಿ ಬಡವರ ಮನೆಗಳ ಮೇಲೆ ಮಳೆಯಂತೆ ಸುರಿಯಿತು. 66 ಮಂದಿ ಅಗ್ನಿಶಾಮಕರು ಪ್ರಾಣ ಕೊಟ್ಟರು; ಏಪ್ರಿಲ್ 14ನ್ನು ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುವುದು ಅವರ ನೆನಪಿಗಾಗಿ. ಸತ್ತವರ ಒಟ್ಟು ಲೆಕ್ಕ ಮಾತ್ರ ಒಂದಾಗಲಿಲ್ಲ; ಏಳುನೂರರಿಂದ ಸಾವಿರದ ಮುನ್ನೂರರವರೆಗೆ ಅಂದಾಜುಗಳಿವೆ.

ಜನ ಇದನ್ನು ಜಪಾನಿನ ದಾಳಿಯೆಂದು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. 1941ರ ಡಿಸೆಂಬರಿನಲ್ಲಿ ರಂಗೂನು, 1942ರ ಏಪ್ರಿಲಿನಲ್ಲಿ ಕೊಲಂಬೊ ಮತ್ತು ವಿಶಾಖಪಟ್ಟಣ, ಅದೇ ವರ್ಷದ ಕೊನೆಗೆ ಕಲ್ಕತ್ತಾ ಜಪಾನಿನ ಬಾಂಬುಗಳನ್ನು ಕಂಡಿದ್ದವು. ದೀಪಕ್ಕೆ ಮುಸುಕು ಹಾಕಿ ಬದುಕುತ್ತಿದ್ದ ಊರಿಗೆ ಇನ್ನಾವ ಕಾರಣ ಹೊಳೆದೀತು? ಸರಕಾರವಾದರೂ ಬಾಯಿ ಬಿಡಲಿಲ್ಲ. ಜಪಾನಿನ ಹಿಡಿತದಲ್ಲಿದ್ದ ಸೈಗಾನ್ ರೇಡಿಯೋ ಮರುದಿನವೇ ವಿವರವಾಗಿ ಸುದ್ದಿ ಬಿತ್ತರಿಸಿತು. ಇಲ್ಲಿಯ ಸುದ್ದಿಗಾರರಿಗೆ ವರದಿ ಕಳಿಸಲು ಅನುಮತಿ ದೊರೆತದ್ದು ಮೇ ತಿಂಗಳ ಎರಡನೆಯ ವಾರದಲ್ಲಿ.

ಇದು ಪರಾಧೀನ ದೇಶಕ್ಕೆ ಮಾತ್ರ ಸೀಮಿತವಾದ ಪಾಡಲ್ಲ. ಮೊದಲ ಮಹಾಯುದ್ಧದಲ್ಲಿ, 1915ರ ಜೂನ್ ತಿಂಗಳಲ್ಲಿ, ಜರ್ಮನಿಯ ಜೆಪ್ಪೆಲಿನ್ ವಾಯುನೌಕೆಯೊಂದು ಇಂಗ್ಲೆಂಡಿನ ಹಲ್ ಎಂಬ ಬಂದರು ನಗರದ ಮೇಲೆ ರಾತ್ರಿ ಬಾಂಬು ಹಾಕಿತು. ಆಗ ಅಲ್ಲಿಯ ಪತ್ರಿಕೆಗಳು ಊರಿನ ಹೆಸರನ್ನೂ ಬರೆಯುವಂತಿರಲಿಲ್ಲ. 'ಪೂರ್ವ ಕರಾವಳಿಯ ಒಂದು ಪಟ್ಟಣ' ಎಂದಷ್ಟೇ ಬರೆದವು. ಊರಿನ ಜನ ಸಿಟ್ಟಿನಿಂದ ಜರ್ಮನ್ ಹೆಸರಿನ ಅಂಗಡಿಗಳನ್ನು ಒಡೆದರು. ಪ್ರಭುತ್ವ ಮೌನವಾದಾಗ ಜನರು ತಮಗೆ ಕಾಣುವ ಶತ್ರುವನ್ನು ತಾವೇ ಹುಡುಕಿಕೊಳ್ಳುತ್ತಾರೆ. ಲಂಡನ್ನಿನಲ್ಲಿ ಕುಳಿತ ಸರಕಾರ ತನ್ನ ಪ್ರಜೆಗಳಿಂದಲೇ ಸುದ್ದಿ ಮುಚ್ಚಿಟ್ಟಿತ್ತೆಂದಮೇಲೆ, ಮಾಂಡವಿಯ ಹೋಟೆಲಿನ ಹುಡುಗನಿಗೆ ಯಾರು ಹೇಳಬೇಕು?

ಇದನ್ನೆಲ್ಲ ಓದಿಕೊಂಡ ನಾನು, ಹೊಸ ನೌಕರಿಯ ಹುರುಪಿನಲ್ಲಿ, ಆ ಸಂಜೆಯೇ ದೊಡ್ಡಪ್ಪನಿಗೆ ಒಪ್ಪಿಸಿದೆ. "ಅದು ಜಪಾನಿನ ಬಾಂಬಲ್ಲ ದೊಡ್ಡಪ್ಪ, ನೀವು ಇಷ್ಟು ವರ್ಷ ತಪ್ಪು ಹೇಳಿದ್ದೀರಿ" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನನಗೆ ಗೊತ್ತುಂಟು, ಮಗಾ" ಎಂದರು.

ಆ ವರ್ಷದ ಮೇ ತಿಂಗಳಿನಲ್ಲಿಯೇ, ಪುಣೆಯ ಹೋಟೆಲಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಪತ್ರಿಕೆ ಓದಿ ಹೇಳಿದ್ದರಂತೆ. ಮಳೆಗಾಲ ಕಳೆದ ಮೇಲೆ ದೊಡ್ಡಪ್ಪ ಊರಿಗೆ ಹೋದರು. ಸತ್ತ ಹುಡುಗ ಕೋಟದ ಕಡೆಯವನು. ಡಾಕಿನ ಗೇಟಿನ ಬಳಿಯ ಕಚೇರಿಗಳಿಗೆ ಚಹಾ ಕೊಡಲು ಹೋಗಿದ್ದವನು. ಮೈಯೂ ಸಿಕ್ಕಲಿಲ್ಲ. ಅವನ ತಾಯಿ ಜಗಲಿಯಲ್ಲಿ ಕುಳಿತು, ಏನಾಯಿತೆಂದು ಕೇಳಿದರು.

"ಹತ್ತಿಗೆ ಬೆಂಕಿ ಬಿತ್ತು, ದೊರೆಗಳು ಏನು ಮಾಡುವುದೆಂದು ಮಾತಾಡುತ್ತ ನಿಂತರು, ನಿಮ್ಮ ಮಗ ಸತ್ತ ಎಂದು ಆ ಅಮ್ಮನಿಗೆ ಹೇಳಲಿಕ್ಕೆ ಆಗುತ್ತದಾ? ಯುದ್ಧದಲ್ಲಿ ಹೋದ ಅಂದೆ. ಅವರು ಹೌದಾ ಅಂದರು. ಆಮೇಲೆ ನಾನು ಬೇರೆ ಯಾರಿಗೂ ಬೇರೆ ಹೇಳಲಿಲ್ಲ."

ನನ್ನ ದೊಡ್ಡಪ್ಪ ಅಜ್ಞಾನದಿಂದ ತಪ್ಪು ಹೇಳಿದವರಲ್ಲ. ಒಂದು ತಾಯಿಗೆ ಕೊಟ್ಟ ಮಾತನ್ನು ಐವತ್ತು ವರ್ಷ ಕಾಯ್ದವರು. ಅದನ್ನು ಅರಿಯದೆ ತಿದ್ದಲು ಹೋದ ನನ್ನ ಹುರುಪು ಇಂದಿಗೂ ನನ್ನನ್ನು ಚುಚ್ಚುತ್ತದೆ. ಆದರೂ ಒಂದು ಮಾತನ್ನು ಹೇಳಲೇಬೇಕು. ಆ ಕರುಣೆಯ ಸುಳ್ಳಿನಿಂದ ತಾಯಿಗೆ ಸಮಾಧಾನ ಸಿಕ್ಕಿತು. ಆದರೆ ಹೊಣೆ ಹೊರಬೇಕಾದವರೂ ನಮ್ಮ ಲೆಕ್ಕದಿಂದ ತಪ್ಪಿಸಿಕೊಂಡರು. ತಪ್ಪೆಲ್ಲ ಜಪಾನಿನ ಪಾಲಿಗೆ ಹೋಯಿತು.

ಕರ್ನಾಟಕದ ಚರಿತ್ರೆ ಬರೆಯುವವರಿಗೆ ಈ ಹುಡುಗರು ಊರು ಬಿಟ್ಟವರು. ಮುಂಬಯಿಯ ಚರಿತ್ರೆ ಬರೆಯುವವರಿಗೆ ಹೊರಗಿನವರು. ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಆ ತಲೆಮಾರಿನ ನೆನಪನ್ನು ನಾವಲ್ಲದೆ ಬೇರೆ ಯಾರೂ ಬರೆದಿಡಲಾರರು. ಹಾಗೆ ಬರೆಯುವಾಗ ನಡೆದದ್ದೇನು ಎಂಬುದನ್ನೂ ಮನೆಯಲ್ಲಿ ಹೇಳಿದ್ದೇನು ಎಂಬುದನ್ನೂ ಒಟ್ಟಿಗೆ ಬರೆಯೋಣ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವುದು ಬೇಡ.

ದೊಡ್ಡಪ್ಪ ಈಗಿಲ್ಲ. ಕೋಟದ ಆ ಹುಡುಗನ ಹೆಸರನ್ನು ಅವರು ಕೊನೆಯವರೆಗೂ ನೆನಪಿಟ್ಟಿದ್ದರು. ನಾನು ಆ ಸಂಜೆ ತಾರೀಖು, ಟನ್ನು, ಗಂಟೆಗಳನ್ನೆಲ್ಲ ಗುರುತು ಹಾಕಿಕೊಂಡಿದ್ದೆ. ಹೆಸರನ್ನು ಮಾತ್ರ ಬರೆದುಕೊಳ್ಳಲಿಲ್ಲ. ನಿಮ್ಮ ಮನೆಗಳಲ್ಲಿ ಹಿರಿಯರು ಇನ್ನೂ ಇದ್ದರೆ, ದಯವಿಟ್ಟು ಮೊದಲು ಹೆಸರುಗಳನ್ನು ಕೇಳಿ ಬರೆದುಕೊಳ್ಳಿರಿ.